ಕೆರೆಯಲ್ಲಿ ಉಳಿಯಬೇಕಾದ ಪಾಲು

ಜೀವ ತೆಗೆಯುವ ಕೆಲಸ ಕಾಯಕ ಆದೀತೇ? ಸಂಖದ ಕೆರೆ ದಂಡೆಯಲ್ಲಿ ಬಲೆ ಒಣಹಾಕುತ್ತಿದ್ದ ಭೋಯಿ ಹುಡುಗನೊಬ್ಬ ನನಗೆ ಈ ಪ್ರಶ್ನೆ ಹಾಕಿದ. "ಕಾಕಾ, ನೀವು ಲಿಂಗಾ ಕಟ್ಟಿದವರು. ನಾ ಮಾಡೂದು ಪಾಪ ಅಂತೀರೇನು?" ನಮ್ಮ ಮನೆಯಲ್ಲಿ ಮೀನು ಬೇಯುವುದಿಲ್ಲ. ಆದರೂ ಹೌದೆನ್ನಲು ನನಗೆ ನಾಲಿಗೆ ಬರಲಿಲ್ಲ.

ನಮ್ಮದು ಮಹಾರಾಷ್ಟ್ರದ ಜತ್ತ ತಾಲೂಕು, ಬರದ ಸೀಮೆ. ಬೋರ ನದಿಗೆ ಮಳೆಯ ನೀರು ಬಂದರೆ ಸಂಖದ ಕೆರೆ ತುಂಬುತ್ತದೆ, ಇಲ್ಲದಿದ್ದರೆ ಟ್ಯಾಂಕರ್ ದಾರಿ ಕಾಯಬೇಕು. ಮೈಸಾಳ ಏತ ನೀರಾವರಿಯಿಂದ ಕೃಷ್ಣೆಯನ್ನು ಮೇಲೆತ್ತಿ ನಮ್ಮ ತಾಲೂಕಿಗೆ ತರುತ್ತಾರೆ. 2022ರ ಕೊನೆಯಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ತಿಕೋಂಡಿ ಕೆರೆಗೆ ಹರಿದು ಬಂದಾಗ ಗಡಿಯ ಈಚೆಗಿನ ನಾವೆಲ್ಲ ಹಿಗ್ಗಿದೆವು. ಇದರಲ್ಲಿ ನಮ್ಮ ಗಳಿಕೆಯೆನ್ನುವ ನೀರು ಒಂದು ಹನಿಯೂ ಇಲ್ಲ. ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿ, ಕೊಟ್ಟು ಕೊಟ್ಟು ದಾನಮ್ಮನಾದ ತಾಯಿ ಗುಡ್ಡಾಪುರದಲ್ಲಿ ನೆಲೆಸಿದ ನಾಡಿದು. ಇಲ್ಲಿ ಬಂದ ನೀರನ್ನು ದಾಸೋಹದ ಅನ್ನವೆಂದೇ ನಾನು ತಿಳಿದಿದ್ದೇನೆ. ಪಂಕ್ತಿಯಲ್ಲಿ ಕೂತವನು ಹಿಂದೆ ಬರುವವರ ಪಾಲನ್ನು ಮುಟ್ಟಬಾರದು.

ಶರಣರು ಕೆಲಸದ ಮೇಲೆ ಜನರನ್ನು ಅಳೆಯಲಿಲ್ಲ. ದೋಣಿ ನಡೆಸುವ ಅಂಬಿಗರ ಚೌಡಯ್ಯ ಅವರ ನಡುವೆ ನಿಷ್ಠುರ ಮಾತಿನ ಶರಣನಾಗಿ ನಿಂತ. ಅವರು ಅಳೆದದ್ದು ಎಷ್ಟು ತೆಗೆದುಕೊಂಡೆ ಎಂಬುದನ್ನು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮಗೆ ಬೇಕಾದುದಕ್ಕಿಂತ ಹೆಚ್ಚು, ಮರಳಿ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಕಳಿಸಿದಳು. ಬಿದ್ದ ಅಕ್ಕಿಯನ್ನು ಆಯುವುದರಲ್ಲಿ ಯಾರಿಗೂ ನೋವಿರಲಿಲ್ಲ, ಆದರೂ ಆಕೆ ಮಿತಿ ಕೇಳಿದಳು. ಜೀವವನ್ನೇ ತೆಗೆಯುವಲ್ಲಿ ಆ ಮಿತಿ ಇನ್ನೆಷ್ಟು ಬಿಗಿಯಾಗಿರಬೇಕು! ಹುಡುಗನಿಗೆ ನಾನು ಹೇಳಿದ್ದೂ ಇಷ್ಟೇ: "ತಮ್ಮಾ, ನಿನ್ನ ಬಲೀ ಕಣ್ಣು ಎಷ್ಟ ದೊಡ್ಡದೈತಿ, ಅದರಾಗ ನಿನ್ನ ಪುಣ್ಯ ಐತಿ."

ಮಾತು ಅವನಿಗೆ ಕೂಡಲೇ ತಿಳಿಯಿತು. ಕೆರೆಗೆ ಬಿಟ್ಟ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಬೆಳೆಯಬೇಕಾದರೆ ಬಲೆಯ ಕಣ್ಣಿನಿಂದ ನುಸುಳಿ ಹೋಗಬೇಕು. ಮೊದಲ ಮಳೆಗೆ ಹಳ್ಳ ಹರಿದಾಗ ನಾಡಮೀನುಗಳು ಮೊಟ್ಟೆಯಿಡಲು ನೀರಿಗೆ ಎದುರಾಗಿ ಏರುತ್ತವೆ. ಆಗ ಹಳ್ಳಕ್ಕೆ ಅಡ್ಡ ಬಲೆ ಕಟ್ಟುವುದು ಬಸುರಿಯ ದಾರಿ ಕಟ್ಟಿದ ಪಾಪ. ಕಡಲಿನಲ್ಲೂ ಮಹಾರಾಷ್ಟ್ರ ಮತ್ತು ಕರ್ನಾಟಕ ಸರ್ಕಾರಗಳು ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳನ್ನು ದಡದಲ್ಲೇ ನಿಲ್ಲಿಸುತ್ತವೆ. ಜಿಲೆಟಿನ್ ಸಿಡಿಸುವವನು, ಬ್ಲೀಚಿಂಗ್ ಪುಡಿ ಸುರಿಯುವವನು ಮೀನಿನ ಜತೆ ಮರಿಯನ್ನೂ ಹುಳುವನ್ನೂ ಕೊಲ್ಲುತ್ತಾನೆ. ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಕೆರೆಗೆ ಬಿದ್ದರೆ ಉಳಿದ ಮೀನನ್ನು ತಿಂದು ಮುಗಿಸುತ್ತದೆ. ಥರ್ಮಾಕೋಲ್ ತೆಪ್ಪ ಸವೆದು ಬಿಳಿ ಕಾಳು ನೀರ ತುಂಬ ಹರಡುತ್ತದೆ. ಅದಕ್ಕೆ ಗಟ್ಟಿ ಹೊದಿಕೆ ಬೇಕು. ಹರಿದ ನೈಲಾನ್ ಬಲೆಯನ್ನು ನೀರಲ್ಲೇ ಬಿಟ್ಟರೆ ಹಿಡಿಯುವವನಿಲ್ಲದೆಯೂ ಅದು ಹಿಡಿಯುತ್ತಲೇ ಇರುತ್ತದೆ. ನೀರಕಾಗೆ, ಆಮೆ ಅದರಲ್ಲಿ ಸಿಕ್ಕಿ ಸಾಯುತ್ತವೆ.

ಇಷ್ಟೆಲ್ಲ ಮೀನುಗಾರನಿಗೆ ಹೇಳಿ ಮೀನು ತಿನ್ನದ ನಾವು ಎದ್ದು ಹೋದರೆ ಅದು ಧರ್ಮವಲ್ಲ. ಏಪ್ರಿಲ್ ಬಂತೆಂದರೆ ಕೆರೆಗಳ ದಂಡೆಯಲ್ಲಿ ಮೋಟಾರು ಸಾಲುಗಟ್ಟುತ್ತವೆ. ದಾಳಿಂಬೆಗೂ ದ್ರಾಕ್ಷಿಗೂ ಕೊನೆಯ ನೀರನ್ನೂ ಎಳೆಯುತ್ತವೆ. ರಾಡಿಯಲ್ಲಿ ಮೀನುಗಳು ಬಾಯಿ ತೆರೆದು ಬಿದ್ದಾಗ ಅಲ್ಲಿ ಬಲೆ ಬೀಸಿದವರು ಯಾರೂ ಇರುವುದಿಲ್ಲ. ಬಲೆ ಕೆಲವನ್ನು ಹಿಡಿಯುತ್ತದೆ, ಪೈಪು ಇಡೀ ಕುಲವನ್ನೇ ಮುಗಿಸುತ್ತದೆ. ಬೆಳಗ್ಗೆ ಲಿಂಗಪೂಜೆ ಮಾಡಿದ ಕೈ ಮೋಟಾರಿನ ಗುಂಡಿ ಒತ್ತಿದ್ದರೂ ಆ ಸಾವು ಸಾವೇ. ಅಹಿಂಸೆಯ ಲೆಕ್ಕ ತಾಟಿನಲ್ಲಿ ಸಿಗುವುದಿಲ್ಲ, ಕೆರೆಯ ತಳದಲ್ಲಿ ಸಿಗುತ್ತದೆ.

1995ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ರೂಪಿಸಿದ ಮೀನುಗಾರಿಕೆಯ ನೀತಿಸಂಹಿತೆ, ಮೀನು ಹಿಡಿಯುವ ಹಕ್ಕಿನ ಜತೆಗೇ ಜಲಜೀವಿಗಳನ್ನು ಕಾಯುವ ಹೊಣೆಯೂ ಬರುತ್ತದೆ ಎನ್ನುತ್ತದೆ. ಈ ಮಾತು ನೀರೆತ್ತುವ ಹಕ್ಕಿಗೂ ಸಲ್ಲಬೇಕು. ನೀರು ಬೇಕೆಂದು ಎರಡು ರಾಜ್ಯಗಳ ಬಾಗಿಲು ಬಡಿದ ಊರುಗಳಿಗೆ, ಬಂದ ನೀರನ್ನು ಹೇಗೆ ಬಳಸುತ್ತೇವೆಂದು ಹೇಳುವ ಋಣವೂ ಇದೆ.

ಬೇಸಿಗೆಗೆ ಮುನ್ನ ಪ್ರತಿ ಊರಿನ ಗ್ರಾಮಸಭೆ ಕೆರೆಯ ಕಟ್ಟೆಯ ಕಲ್ಲಿಗೆ ಒಂದು ಗೆರೆ ಎಳೆಯಲಿ. ನೀರು ಅಲ್ಲಿಗೆ ಇಳಿದ ದಿನ ತೋಟದವರ ಮೋಟಾರು ನಿಲ್ಲಲಿ; ಮೊದಲ ಮಳೆ ಬಿದ್ದ ವಾರಗಳಲ್ಲಿ ಭೋಯಿಗಳ ಬಲೆ ನಿಲ್ಲಲಿ, ಆ ವಾರಗಳ ಕೂಲಿಯನ್ನು ಊರು ಹೊರಲಿ. ಗೆರೆಯ ಕೆಳಗಿನ ನೀರು ಮೀನಿನದು, ಕೊಕ್ಕರೆಯದು, ದನದ್ದು. ಅದನ್ನು ಬಿಟ್ಟುಕೊಡಲು ಒಪ್ಪಿದ ಊರಿನಲ್ಲಿ ಬಲೆ ಬೀಸುವುದೂ ಕಾಯಕ, ತೋಟ ಮಾಡುವುದೂ ಕಾಯಕ. ಒಪ್ಪದ ಊರಿನಲ್ಲಿ ಎರಡೂ ಬರಿಯ ಹೊಟ್ಟೆಪಾಡು.