ಮುಡಿಯ ಹಗ್ಗವೂ ಉಕ್ಕಿನ ಬಂಪರೂ

ಒಮ್ಮೆ ಅರ್ಪಿತವಾದ ಪದಾರ್ಥವು ಕೈಯಿಂದ ಕೈಗೆ ಸಾಗಿದ ಮೇಲೂ ಪವಿತ್ರವಾಗಿಯೇ ಉಳಿಯುವುದೇ? ಪಾವಿತ್ರ್ಯವು ಪದಾರ್ಥದಲ್ಲಿದೆಯೋ, ಅರ್ಪಿಸುವವನ ಭಾವದಲ್ಲಿದೆಯೋ? ಸದ್ಭಕ್ತರು ವಿಚಾರಿಸಲು ಯೋಗ್ಯವಾದ ಪ್ರಶ್ನೆಯಿದು.

ಅಘನಾಶಿನಿ ನದಿಯು ಕಡಲನ್ನು ಸೇರುವ ತದಡಿಯ ಬಂದರಿನಲ್ಲಿ ಡೀಸೆಲ್ ಎಂಜಿನ್ನಿನ ದೋಣಿಗೂ ಪೂಜೆಯುಂಟು, ಹೂಮಾಲೆಯುಂಟು. ಆದರೆ ಮಾಲೆ ಹಾಕಿದೆನೆಂದು ಎಂಜಿನ್ನನ್ನು ನೋಡದೆ, ಬಲೆಯ ಹರಕನ್ನು ಹೊಲಿಯದೆ ಕಡಲಿಗಿಳಿದರೆ ಬದುಕು ಸಾಗದೆಂಬುದನ್ನು ಮೀನುಗಾರನು ಬಲ್ಲನು. ನೀರಿನ ಮೇಲೆ ತಿಳಿದಿರುವ ಈ ವಿವೇಕವು ನೆಲದ ಮೇಲಿನ ವಾಹನಗಳ ವಿಷಯದಲ್ಲಿ ಮರೆತುಹೋಗುವುದುಂಟು. ದೃಷ್ಟಿ ತಾಗದಿರಲೆಂದು ಬಂಪರಿಗೆ ಕೂದಲಿನ ಹಗ್ಗ ಕಟ್ಟುವ ರೂಢಿಯನ್ನು ಬೆಂಗಳೂರಿನ ಬೀದಿಗಳಲ್ಲಿ ಕಾಣಬಹುದು.

ಭದ್ರಾವತಿಯಲ್ಲಿ 1957ರಲ್ಲಿ ಜನಿಸಿದ ಕಲಾವಿದೆ ಶೀಲಾ ಗೌಡರು ಈ ಹಗ್ಗವನ್ನೇ ತಮ್ಮ ಒಂದು ಕೃತಿಗೆ ವಸ್ತುವಾಗಿಸಿಕೊಂಡರು. ‘ನೋಡು’ ಎಂಬರ್ಥದ ‘ಬಿಹೋಲ್ಡ್’ ಎಂಬ ಆ ಕೃತಿಯು 2009ರಲ್ಲಿ ಇಟಲಿಯ ವೆನಿಸ್ ನಗರದ ಕಲಾಪ್ರದರ್ಶನದಲ್ಲಿ ಇರಿಸಲ್ಪಟ್ಟು, ಮುಂದೆ ಲಂಡನ್ನಿನ ಟೇಟ್ ಸಂಗ್ರಹವನ್ನು ಸೇರಿತು. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೂದಲಿನ ಹಗ್ಗವು ಇಪ್ಪತ್ತರಷ್ಟು ಹೊಳೆಯುವ ಉಕ್ಕಿನ ಬಂಪರುಗಳನ್ನು ಗೋಡೆಗೆ ತೂಗಿ ಹಿಡಿದಿದೆ. ಒಂಟಿ ಎಳೆಯಾಗಿ ಬೆರಳಿಗೇ ಹರಿಯುವ ಕೂದಲು ಕೂಡಿಕೊಂಡಾಗ ಉಕ್ಕಿನ ಭಾರವನ್ನು ಹೊತ್ತಿದೆ.

ಆ ಕೂದಲಿನ ಪಯಣವನ್ನು ಗಮನಿಸಬೇಕು. ದೇವಾಲಯಗಳಲ್ಲಿ ಭಕ್ತರು ಹರಕೆಯಾಗಿ ಮುಡಿ ಕೊಡುತ್ತಾರೆ. ಸೌಂದರ್ಯದ ಅಭಿಮಾನವನ್ನು ತೊರೆಯುವುದೇ ಅದರ ಭಾವ. ಆ ಮುಡಿ ಹರಾಜಾಗುತ್ತದೆ. ನೀಳವಾದುದು ಕೃತಕ ಕೇಶಕ್ಕಾಗಿ ಮಾರಾಟವಾದರೆ, ಗಿಡ್ಡವಾದುದು ಹಗ್ಗವಾಗುತ್ತದೆ. ಒಬ್ಬರ ತ್ಯಾಗವು ಮತ್ತೊಬ್ಬರ ಅಲಂಕಾರವಾಯಿತು, ಮೂರನೆಯವರ ಭಯಕ್ಕೆ ರಕ್ಷೆಯಾಯಿತು. ಕೂದಲು ಮಾತ್ರ ಅದೇ ಕೂದಲು. ಬದಲಾದುದು ಭಾವವೆಂಬುದರಲ್ಲಿ ಸಂದೇಹವೇನು?

ಹಾಗಾದರೆ ಕೊಟ್ಟವನ ಅರ್ಪಣೆ ವ್ಯರ್ಥವಾಯಿತೇ? ಇಲ್ಲ. ‘ನನ್ನದು’ ಎಂಬುದನ್ನು ಬಿಟ್ಟ ಕ್ಷಣದಲ್ಲಿಯೇ ಅದು ಪೂರ್ಣವಾಯಿತು. ಮಾರುಕಟ್ಟೆ ಅದನ್ನು ಕೆಡಿಸಲಾರದು. ಆದರೆ ಅರ್ಪಿತವನ್ನು ಮಾರಿ ಬಂದ ಹಣವನ್ನು ಹಿಡಿದವರ ಹೊಣೆ ದೊಡ್ಡದು. ಅದು ದಾಸೋಹಕ್ಕೆ ಸಲ್ಲದೆ ಭೋಗಕ್ಕೆ ಸಂದರೆ ಕೊಟ್ಟವನು ಶುದ್ಧ, ಹಿಡಿದವನು ಋಣಿ.

ಹಗ್ಗ ಕಟ್ಟುವವನನ್ನು ಹಳಿಯುವುದೂ ಶರಣಮಾರ್ಗಕ್ಕೆ ಒಪ್ಪುವ ಮಾತಲ್ಲ. ಮನೆಯಲ್ಲಿ ಮಡದಿಮಕ್ಕಳು ದಾರಿ ಕಾಯುತ್ತಿರುವ ಚಾಲಕನ ಭಯ ಸುಳ್ಳಲ್ಲ. ಆದರೆ ತನ್ನ ಎಚ್ಚರವನ್ನು ಹಗ್ಗಕ್ಕೆ ಒಪ್ಪಿಸಿ, ಮತ್ತನಾಗಿಯೋ ಅತಿವೇಗದಿಂದಲೋ ವಾಹನ ನಡೆಸಿದರೆ ಆ ಗಂಟು ಯಾರನ್ನು ಕಾದೀತು? ಎದುರಿಗೆ ಬರುವ ಪಾದಚಾರಿಗೆ ರಕ್ಷೆಯೆಂದರೆ ಚಾಲಕನ ಎಚ್ಚರವೇ. ಕಾಯಕದಲ್ಲಿನ ಆ ಎಚ್ಚರವೂ ಒಂದು ಅರ್ಪಣೆಯೆಂದು ಗೃಹಸ್ಥರು ಮನಗಾಣಬೇಕು.