ಉಚ್ಛಿಷ್ಟವಿಚಾರ

ಯಾವುದನ್ನು ಕಸವೆನ್ನಬೇಕು? ಬಿಟ್ಟವನಿಗೆ ಬೇಡವಾದುದೆಲ್ಲ ಕಸವೆಂಬುದು ಲೋಕದ ಮತ. ಅಥರ್ವವೇದದ 11ನೆಯ ಕಾಂಡದಲ್ಲಿಯಾದರೋ ಉಚ್ಛಿಷ್ಟವೇ, ಎಂದರೆ ಮಿಕ್ಕುಳಿದುದೇ, ಜಗತ್ತಿಗೆ ಆಧಾರವೆಂದು ಸ್ತುತವಾಗಿದೆ. ಬೀದರಿನ ಕುಶಲಿಗಳು ಹಳೆಯ ಕೋಟೆಯ ಮಣ್ಣಿನಿಂದ ಬಿದರಿ ಪಾತ್ರೆಗೆ ಕಪ್ಪು ತರುವುದನ್ನು ಕಂಡವರಿಗೆ ಆ ಸ್ತುತಿಯು ಅತಿಯೆಂದು ತೋರದು.

1967ರಲ್ಲಿ ಪೀಟರ್ ವುಲ್ಫ್ ಎಂಬ ವಿದ್ವಾಂಸರು ರಕ್ತದ ಪ್ಲೇಟ್ಲೆಟ್ಟುಗಳಿಂದ ಉದುರುವ ಅತಿಸೂಕ್ಷ್ಮ ಕಣಗಳನ್ನು ‘ಧೂಳು’ ಎಂದು ಕರೆದರು. ಜೀವಕೋಶವು ಬೇಡವಾದುದನ್ನು ಹೊರಹಾಕುವ ಕಿರುಚೀಲಗಳಿವು ಎಂಬ ಎಣಿಕೆಯೇ ಬಹುಕಾಲ ನಡೆಯಿತು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು, ಇವುಗಳೊಳಗಿನ ಆರ್‌ಎನ್‌ಎಯು ಒಂದು ಕೋಶದಿಂದ ಇನ್ನೊಂದಕ್ಕೆ ಹೋಗಿ ಅಲ್ಲಿ ಕೆಲಸ ಮಾಡುವುದೆಂದು ತೋರಿಸಿದರು. ಕಸವೆಂದುದು ಓಲೆಯಾಯಿತು!

ಈ ಕಿರುಚೀಲಗಳಲ್ಲಿ ಅನೇಕವು ಮಿಲಿಮೀಟರಿನ 10,000ದಲ್ಲೊಂದು ಪಾಲಿನಷ್ಟಿರುವುವು. ಇವನ್ನು ಬೇರ್ಪಡಿಸುವ ಹಳೆಯ ಕ್ರಮದಲ್ಲಿ ಗುರುತ್ವದ ಲಕ್ಷಪಟ್ಟು ಬಲವುಳ್ಳ ಯಂತ್ರದಲ್ಲಿ ಗಂಟೆಗಟ್ಟಲೆ ತಿರುಗಿಸಬೇಕು. ಹೊಸ ಕ್ರಮದಲ್ಲಿ ಅಂಗೈಗಿಂತ ಚಿಕ್ಕ ಫಲಕದಲ್ಲಿ ಕೂದಲೆಳೆಯಷ್ಟು ಕಿರಿದಾದ ಕಾಲುವೆಗಳನ್ನು ಮಾಡಿ, ಅವುಗಳ ಗೋಡೆಗೆ ಪ್ರತಿಕಾಯಗಳನ್ನು ಅಂಟಿಸಿ, ಕೆಲವೇ ಹನಿಗಳನ್ನು ಹರಿಯಿಸುವರು. ತನಗೆ ಹೊಂದುವ ಗುರುತುಳ್ಳ ಚೀಲವನ್ನು ಪ್ರತಿಕಾಯವು ಹಿಡಿದುಕೊಳ್ಳುವುದು, ಮಿಕ್ಕುದು ಹರಿದುಹೋಗುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಇಂತಹ ಸೂಕ್ಷ್ಮಕಾಲುವೆಗಳ ವಿದ್ಯೆಯ ಅಭ್ಯಾಸವುಂಟು. ಅರ್ಬುದದ ಗಡ್ಡೆಯಿಂದ ಹೊರಟ ಚೀಲವು ಹೀಗೆ ಸಿಕ್ಕಿದರೆ ರೋಗವು ಬೇಗನೆ ತಿಳಿದೀತೆಂಬುದು ವೈದ್ಯರ ಆಸೆ.

ಇಲ್ಲಿಯೇ ಧರ್ಮಸಂದೇಹ. ಖಟಕ ಚಿಂಚೋಳಿಯ ರೈತನೊಬ್ಬನು ಬೀದರಿಗೆ ಹೋಗಿ ಜ್ವರದ ಪರೀಕ್ಷೆಗೆ ರಕ್ತ ಕೊಡುವನೆನ್ನೋಣ. ಪರೀಕ್ಷೆ ಮುಗಿದ ಮೇಲೆ ಸೀಸೆಯಲ್ಲಿ ಉಳಿದುದು ಯಾರದು? ಚೆಲ್ಲುವ ವಸ್ತುವಿಗೆ ಒಡೆಯನೆಲ್ಲಿ, ಅದರಿಂದ ಲೋಕಕ್ಕೆ ಔಷಧ ದೊರೆತರೆ ರೈತನಿಗೇನು ನಷ್ಟ, ಎಂದು ಪೂರ್ವಪಕ್ಷ. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಲೋಕಹಿತವು ಸಣ್ಣ ಮಾತಲ್ಲ. ಆದರೆ ಆ ಹನಿಯಲ್ಲಿ ದೇಹದ ಸುದ್ದಿಯಿದೆಯೆಂದೇ ಅದನ್ನು ಕಾಪಿಟ್ಟುಕೊಳ್ಳುವವರು, ಒಡೆಯನ ಒಪ್ಪಿಗೆ ಕೇಳುವ ಹೊತ್ತಿಗೆ ಮಾತ್ರ ಅದನ್ನು ಕಸವೆನ್ನುವುದು ವದತೋವ್ಯಾಘಾತ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ರೋಗಿಯ ಕೋಶಗಳನ್ನು ಆಕೆಯನ್ನು ಕೇಳದೆಯೇ ತೆಗೆದಿಟ್ಟರು. ಆಕೆ ಅದೇ ವರ್ಷ ತೀರಿಹೋದಳು. ಆ ಕೋಶಗಳು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ಮನೆಯವರಿಗೆ ಸಂಗತಿ ತಿಳಿದುದು ಇಪ್ಪತ್ತು ವರ್ಷ ಕಳೆದ ಮೇಲೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು, ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಸಮ್ಮತಿ ಪಡೆಯಬೇಕೆನ್ನುತ್ತದೆ. ಹೆಸರನ್ನು ಅಳಿಸಿದ ಉಳಿಕೆಯ ವಿಷಯದಲ್ಲಿ ನೀತಿಸಮಿತಿಯು ಈ ಕಟ್ಟಳೆಯನ್ನು ಸಡಿಲಿಸಬಹುದು. ಗುಟ್ಟು ಕಾಯುವುದಕ್ಕೆ ಇದು ಯೋಗ್ಯವಾದ ಉಪಾಯವೇ ಸರಿ. ಆದರೆ ಹೆಸರಳಿಸಿದ ಆ ಹನಿಯಲ್ಲಿ ನಾಳೆ ಅರ್ಬುದದ ಓಲೆ ಕಂಡರೆ, ಖಟಕ ಚಿಂಚೋಳಿಗೆ ಹೇಳಿಕಳುಹಿಸಲು ಯಾರ ಬಳಿಯಲ್ಲಿಯೂ ವಿಳಾಸವಿರುವುದಿಲ್ಲ.