ಗೊರಸಿನ ಋಣ

ದುಡಿಸಿಕೊಂಡ ಮೇಲೆ ಕೂಲಿ ಕೊಡಬೇಕು. ಇದು ಯಾರೂ ಅಲ್ಲಗಳೆಯದ ನ್ಯಾಯ. ಕೂಲಿ ಕೇಳಲು ಬಾಯಿಲ್ಲದ ಜೀವದ ವಿಷಯದಲ್ಲಿ ಈ ನ್ಯಾಯ ಹೇಗೆ ನಡೆಯಬೇಕು? ಎತ್ತಿಗೆ ಹುಲ್ಲು, ಕುದುರೆಗೆ ಹುರುಳಿ ಹಾಕಿದರೆ ಲೆಕ್ಕ ಚುಕ್ತಾ ಆಯಿತೆಂದು ನಾವು ತಿಳಿಯುತ್ತೇವೆ. ಆದರೆ ಮೇವು ಹಾಕುವುದು ನಾಳೆಯ ದುಡಿಮೆಗಾಗಿ. ನಿನ್ನೆಯ ದುಡಿಮೆಯಲ್ಲಿ ಸವೆದುಹೋದದ್ದರ ಲೆಕ್ಕ ಬೇರೆಯೇ ಉಳಿದಿರುತ್ತದೆ. ಭಾರ ಹೊತ್ತು ನಡೆಯುವ ಪ್ರಾಣಿಯ ಮೈಯಲ್ಲಿ ಆ ಸವೆತ ಎದ್ದು ಕಾಣುವುದು ಗೊರಸಿನಲ್ಲಿ. ನಮ್ಮ ಕೆಲಸದಿಂದ ಕೆಟ್ಟ ಗೊರಸನ್ನು ಮರಳಿ ಸರಿಪಡಿಸಿಕೊಡುವುದು ನಾವು ತೋರಿಸುವ ದಯೆಯೋ ಅಥವಾ ತೀರಿಸಲೇಬೇಕಾದ ಸಾಲವೋ?

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಕೂತು ಕುದುರೆಯ ಕಾಲಿನ ಬಗ್ಗೆ ಚಿಂತಿಸುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಇಂದು ಈ ತಾಲೂಕುಗಳಲ್ಲಿ ದುಡಿಯುವ ಕುದುರೆಯನ್ನು ಹುಡುಕಿದರೂ ಸಿಗುವುದು ಕಷ್ಟ. ಆದರೆ ಈ ನೆಲಕ್ಕೆ ಕುದುರೆಯ ನಂಟು ಹಳೆಯದು. ಕೆಳದಿ ನಾಯಕರ ರಾಜಧಾನಿಗಳಾಗಿದ್ದ ಕೆಳದಿ ಮತ್ತು ಇಕ್ಕೇರಿ ಸಾಗರ ತಾಲೂಕಿನಲ್ಲಿವೆ. ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲೂಕಿನಲ್ಲಿದೆ. ಅವರ ಕವಲೇದುರ್ಗದ ಕೋಟೆ ತೀರ್ಥಹಳ್ಳಿ ತಾಲೂಕಿನಲ್ಲಿದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆಲ್ಲುವವರೆಗೆ, ಎರಡೂವರೆ ಶತಮಾನ ನಡೆದ ಆ ರಾಜ್ಯಕ್ಕೆ ಕುದುರೆಯೂ ಆಧಾರವಾಗಿತ್ತು. ಬಿದನೂರಿನಿಂದ ಆಳಿದ ಬಸವಪ್ಪ ನಾಯಕ 18ನೇ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ ಎಂಬ ವಿಶ್ವಕೋಶದಲ್ಲಿ, ಅರಸನಾದವನು ತಿಳಿದಿರಬೇಕಾದ ಸಂಗತಿಗಳ ನಡುವೆ ಕುದುರೆಯ ವಿಚಾರವೂ ಸೇರಿದೆ. ಅದಕ್ಕೂ ಸುಮಾರು ಆರು ಶತಮಾನ ಹಿಂದೆ ಚಾಲುಕ್ಯ ರಾಜಪುತ್ರ ಕೀರ್ತಿವರ್ಮ ಕನ್ನಡದಲ್ಲೇ ‘ಗೋವೈದ್ಯ’ವನ್ನು ಬರೆದಿದ್ದ. ಮೂಕಪ್ರಾಣಿಯ ನೋವು ತಿಳಿಯಬೇಕಾದ ವಿದ್ಯೆ ಎಂಬ ಅರಿವು ನಮ್ಮಲ್ಲಿ ಇರಲಿಲ್ಲವೆಂದು ಹೇಳುವಂತಿಲ್ಲ.

ಅರಿವು ಇದ್ದರೂ ವ್ಯವಹಾರದ ನಡೆ ಬೇರೆ ಇತ್ತು. ದಕ್ಷಿಣದ ರಾಜ್ಯಗಳಿಗೆ ಒಳ್ಳೆಯ ಕುದುರೆಗಳು ಸಮುದ್ರ ದಾಟಿ ಬರಬೇಕಾಗಿತ್ತು. ಅರಬಸ್ತಾನದಿಂದ, ಹಾರ್ಮುಜ್‌ನಿಂದ ಹಡಗೇರಿದ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. 16ನೇ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್, ಸಾಳುವ ನರಸಿಂಹನ ಬಗ್ಗೆ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಹಡಗಿನಲ್ಲೇ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಜೀವಂತ ಕುದುರೆಗೆ ಕೊಡುವಷ್ಟೇ ಹಣವನ್ನು ಅರಸ ಕೊಡುತ್ತಿದ್ದನಂತೆ. 13ನೇ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಹಾದುಹೋದ ಮಾರ್ಕೊ ಪೋಲೊ ಇನ್ನೂ ಕಟುವಾದ ಮಾತು ಹೇಳುತ್ತಾನೆ. ಅಲ್ಲಿನ ಅರಸರು ವರ್ಷವರ್ಷವೂ ಸಾವಿರಾರು ಕುದುರೆ ಕೊಂಡರೂ ವರ್ಷ ತುಂಬುವುದರೊಳಗೆ ಹೆಚ್ಚಿನವು ಸಾಯುತ್ತಿದ್ದವು. ಅವುಗಳಿಗೆ ಅನ್ನ ಮತ್ತು ಮಾಂಸ ಬೇಯಿಸಿ ಹಾಕುತ್ತಿದ್ದರು. ಲಾಳ ಕಟ್ಟುವವರೂ ಆರೈಕೆ ಬಲ್ಲವರೂ ಅಲ್ಲಿರಲಿಲ್ಲ. ಕುದುರೆ ಮಾರುವ ವರ್ತಕರು ಅಂಥವರನ್ನು ತಾವೂ ಕರೆತರುತ್ತಿರಲಿಲ್ಲ, ಬೇರೆಯವರು ಹೋಗದಂತೆಯೂ ನೋಡಿಕೊಳ್ಳುತ್ತಿದ್ದರು. ಕುದುರೆ ಸತ್ತಷ್ಟೂ ವ್ಯಾಪಾರ ಹೆಚ್ಚು ಎಂಬುದು ಅವರ ಲೆಕ್ಕ ಎಂಬುದು ಆತನ ಆರೋಪ.

ಇಲ್ಲಿ ಮಾರಿದವನ ಧರ್ಮ ಯಾವುದು, ಕೊಂಡವನ ಧರ್ಮ ಯಾವುದು ಎಂದು ಕೇಳುವುದರಿಂದ ಏನೂ ಸಿಗದು. ಲಾಭ ಮತ್ತು ಅಧಿಕಾರ ಕೈಜೋಡಿಸಿದಾಗ ನಡುವೆ ನಿಂತ ಜೀವ ಲೆಕ್ಕದ ಪುಸ್ತಕದ ಒಂದು ಸಾಲಾಗಿಬಿಡುತ್ತದೆ. ಸತ್ತ ಕುದುರೆಯ ಬಾಲಕ್ಕೆ ಬೆಲೆ ಇತ್ತು. ಬದುಕಿದ ಕುದುರೆಯ ಕಾಲಿಗೆ ಇರಲಿಲ್ಲ. ರೋಗವನ್ನು ಉಂಟುಮಾಡಿದವನಿಗಿಂತ, ಮದ್ದು ಗೊತ್ತಿದ್ದೂ ಬಚ್ಚಿಟ್ಟವನ ತಪ್ಪು ಸಣ್ಣದಲ್ಲ.

ಆ ಮದ್ದುಗಳಲ್ಲೊಂದು ಲಾಳ. ಅರಬಿಯಲ್ಲಿ ‘ನಅಲ್’ ಎಂದರೆ ಪಾದರಕ್ಷೆ. ಪರ್ಷಿಯನ್ ದಾರಿಯಿಂದ ಬಂದ ‘ನಾಲಬಂದ್’ ಎಂದರೆ ಲಾಳ ಕಟ್ಟುವವನು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಇಂದಿಗೂ ಈ ಹೆಸರಿನ ಮುಸ್ಲಿಂ ಸಮುದಾಯವಿದೆ. ಕುದುರೆ ಮರೆಯಾದ ಮೇಲೂ ಈ ಕಸುಬು ಗಾಡಿ ಎತ್ತುಗಳಿಂದಾಗಿ ಬಹುಕಾಲ ಉಳಿಯಿತು. ಎತ್ತಿಗೆ ಹಗ್ಗ ಹಾಕಿ ಕೆಡವಿ, ಕಾಲು ಕೂಡಿಸಿ ಕಟ್ಟಿ, ಸೀಳು ಗೊರಸಿನ ಎರಡು ಹೋಳುಗಳಿಗೂ ಬೇರೆ ಬೇರೆ ಲಾಳ ಬಡಿಯುವುದನ್ನು ನಮ್ಮ ಹಿರಿಯರು ಸಂತೆ ಬಯಲಲ್ಲಿ ಕಂಡಿದ್ದಾರೆ. ಮೊಳೆ ಹೋಗಬೇಕಾದ್ದು ಜೀವವಿಲ್ಲದ ಹೊರಗೋಡೆಗೆ. ಒಂದು ಕೂದಲಿನಷ್ಟು ಒಳಗೆ ಸರಿದರೆ ಮಾಂಸಕ್ಕೆ ತಾಗಿ ಪ್ರಾಣಿ ಕುಂಟುತ್ತದೆ. ನಾಲಬಂದನ ಕೈಚಳಕವೆಲ್ಲ ಆ ಕೂದಲೆಳೆಯಲ್ಲಿತ್ತು. ಗದ್ದೆಯ ಮಣ್ಣಿನಲ್ಲಿ ಉಳುವ ಎತ್ತಿಗೆ ಲಾಳದ ಅಗತ್ಯ ಅಷ್ಟಾಗಿ ಬೀಳುತ್ತಿರಲಿಲ್ಲ. ಜಲ್ಲಿ ರಸ್ತೆ, ಆಮೇಲೆ ಟಾರು ರಸ್ತೆ ಬಂದು, ಗಾಡಿಯ ಭಾರ ಹೆಚ್ಚಿದಾಗ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯತೊಡಗಿತು. ಕಬ್ಬಿಣ ಬೇಕಾಯಿತು.

ಅದೇ ಕಬ್ಬಿಣದ ವಿರುದ್ಧ ಇಂದು ಪ್ರಪಂಚದ ಹಲವೆಡೆ ಒಂದು ವಾದ ಎದ್ದಿದೆ. ಅದನ್ನು ಸಹಜ ಗೊರಸು ಆರೈಕೆ ಎನ್ನಬಹುದು. ಗೊರಸು ನಮ್ಮ ಉಗುರಿನಂಥದ್ದೇ ವಸ್ತುವಿನಿಂದ ಆದದ್ದು, ಆದರೆ ಅದರೊಳಗೆ ಎಲುಬು, ರಕ್ತ, ನರಗಳಿವೆ. ಕುದುರೆ ಕಾಲೂರಿದಾಗ ಗೊರಸು ಕೊಂಚ ಅಗಲವಾಗುತ್ತದೆ, ಎತ್ತಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಅಡಿಯಲ್ಲಿರುವ ತ್ರಿಕೋನಾಕಾರದ ಮೆತ್ತನೆಯ ಭಾಗ ನೆಲದ ಪೆಟ್ಟನ್ನು ತಡೆದುಕೊಳ್ಳುತ್ತದೆ. ಮೊಳೆ ಬಡಿದ ಲಾಳ ಈ ಚಲನೆಯನ್ನು ಬಿಗಿಹಿಡಿಯುತ್ತದೆ ಎಂಬುದು ಈ ಪಂಥದವರ ಆಕ್ಷೇಪ. ಲಾಳ ತೆಗೆಯಿರಿ, ನಾಲ್ಕರಿಂದ ಆರು ವಾರಕ್ಕೊಮ್ಮೆ ಗೊರಸನ್ನು ಹದವಾಗಿ ಕತ್ತರಿಸಿ ಉಜ್ಜಿರಿ, ಕಾಳು ಕಡಿಮೆ ಮಾಡಿ ಹುಲ್ಲು ಹೆಚ್ಚಿಸಿರಿ, ಲಾಯದಲ್ಲಿ ಕಟ್ಟಿಹಾಕದೆ ಬೇರೆ ಬೇರೆ ಬಗೆಯ ನೆಲದ ಮೇಲೆ ನಡೆಯಲು ಬಿಡಿರಿ ಎನ್ನುತ್ತಾರೆ. ಅಮೆರಿಕದ ಜೇಮಿ ಜಾಕ್ಸನ್ ಕಾಡು ಕುದುರೆಗಳ ಗೊರಸನ್ನು ಗಮನಿಸಿ ಈ ವಿಚಾರವನ್ನು 1990ರ ದಶಕದಲ್ಲಿ ಪ್ರಚಾರಕ್ಕೆ ತಂದರು. ವಿಚಾರವೇನೂ ಹೊಸದಲ್ಲ. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್, ಲಾಯದ ಹೊರಗೆ ಉರುಟು ಕಲ್ಲು ಹಾಸಿ ಅದರ ಮೇಲೆ ಕುದುರೆ ನಿಲ್ಲಿಸಿದರೆ ಗೊರಸು ಗಟ್ಟಿಯಾಗುತ್ತದೆ ಎಂದಿದ್ದ. ಆಗ ಮೊಳೆ ಬಡಿಯುವ ಲಾಳವೇ ಬಳಕೆಯಲ್ಲಿರಲಿಲ್ಲ. ಮೇವಿನ ವಿಷಯದಲ್ಲಂತೂ ಈ ಪಂಥದವರ ಮಾತಿಗೆ ಪಶುವೈದ್ಯರ ಪೂರ್ಣ ಒಪ್ಪಿಗೆ ಇದೆ. ಕಾಳು ಅತಿಯಾದರೆ ಗೊರಸಿನೊಳಗೆ ಉರಿಯೂತ ಹುಟ್ಟಿ ಎಲುಬನ್ನು ಹಿಡಿದಿಟ್ಟ ಪದರವೇ ಸಡಿಲಗೊಳ್ಳುತ್ತದೆ. ಕಾಲಿನ ರೋಗ ಎಷ್ಟೋ ಬಾರಿ ಹೊಟ್ಟೆಯಲ್ಲಿ ಶುರುವಾಗುತ್ತದೆ.

ಹಾಗೆಂದು ‘ಲಾಳವೆಲ್ಲ ಕ್ರೌರ್ಯ, ಬರಿಗಾಲೇ ಧರ್ಮ’ ಎಂದು ಸಾರಿಬಿಡಬಹುದೇ? ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ತಿಂಗಳುಗಟ್ಟಲೆ ಕೆಸರಿನಲ್ಲಿ ನೆನೆದ ಗೊರಸು ಒಣನಾಡಿನ ಗೊರಸಿನಂತೆ ಗಟ್ಟಿಯಾಗಿರಲು ಸಾಧ್ಯವಿಲ್ಲ. ಬಹುಕಾಲ ಲಾಳ ಕಟ್ಟಿಸಿಕೊಂಡ ಕುದುರೆಯ ಲಾಳ ತೆಗೆದರೆ ಆರಂಭದ ವಾರಗಳಲ್ಲಿ ಅದಕ್ಕೆ ಹೆಜ್ಜೆ ಹೆಜ್ಜೆಗೂ ನೋವು. ಲಾಳ ತೆಗೆದು ಅದೇ ಭಾರ ಹೇರಿ ಅದೇ ಟಾರು ರಸ್ತೆಗೆ ಅಟ್ಟಿದರೆ ಅದು ಸಹಜ ಆರೈಕೆಯಾಗದು, ಹೊಸ ಹೆಸರಿನ ಹಳೆಯ ಹಿಂಸೆಯಾಗುತ್ತದೆ. ಕಬ್ಬಿಣ ತಾನಾಗಿ ಕ್ರೂರವೂ ಅಲ್ಲ, ಕರುಣೆಯೂ ಅಲ್ಲ. ನಾವು ಹೊರಿಸಿದ ಭಾರದಿಂದ ಅದು ಕಾಲನ್ನು ಕಾಯಲೂಬಹುದು, ನೋಯುವ ಕಾಲಿನಿಂದ ಇನ್ನಷ್ಟು ದುಡಿತ ಹಿಂಡಲು ನೆರವಾಗಲೂಬಹುದು.

ಹಾಗಾದರೆ ಪ್ರಶ್ನೆ ಎಲ್ಲಿದೆ? ಅದು ಸಮಯದಲ್ಲಿದೆ. ಕುದುರೆಯ ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಕೂದಲಂಚಿನಲ್ಲಿ ಹುಟ್ಟಿದ ಹೊಸ ಗೊರಸು ಮುಂಭಾಗದಲ್ಲಿ ನೆಲ ಮುಟ್ಟಬೇಕಾದರೆ 9ರಿಂದ 12 ತಿಂಗಳು ಬೇಕು. ಒಳ್ಳೆಯ ಮೇವು, ಒಳ್ಳೆಯ ಕೈ, ಒಣ ನೆಲ ಇವೆಲ್ಲ ಸಹಾಯ ಮಾಡುತ್ತವೆ. ಆದರೆ ಒಂದು ವರ್ಷವನ್ನು ಒಂದು ತಿಂಗಳಾಗಿಸುವ ಮದ್ದು ಇಲ್ಲ. ಕೆಟ್ಟ ಕಾಲನ್ನು ಮರಳಿ ಕೊಡುವುದೆಂದರೆ ಆ ಪ್ರಾಣಿಗೆ ಕಾಲವನ್ನು ಕೊಡುವುದು. ದುಡಿಮೆ ಕೇಳದೆ, ಮೇವು ಹಾಕಿ, ಒಂದು ವರ್ಷ ಕಾಯುವುದು.

ಈ ವರ್ಷವನ್ನು ಯಾರು ಕೊಡಬೇಕು? ಉಪದೇಶ ಮಾಡುವವರು ಮುಗ್ಗರಿಸುವುದು ಇಲ್ಲೇ. ಜಟಕಾ ಹೊಡೆದು ದಿನದ ಅಕ್ಕಿ ತರುವವನ ಕುದುರೆ ಕುಂಟಿದರೆ, ‘ಅದನ್ನು ವರ್ಷವಿಡೀ ನಿಲ್ಲಿಸಪ್ಪಾ’ ಎಂದು ಹೇಳುವುದು ಸುಲಭ. ಕುದುರೆ ನಿಂತರೆ ಅವನ ಒಲೆಯೂ ನಿಲ್ಲುತ್ತದೆ. ಅವನು ನೋವನ್ನು ಕಾಣದವನೇನಲ್ಲ. ಎಷ್ಟೋ ಸಲ ಅವನಷ್ಟು ಹತ್ತಿರದಿಂದ ಅದನ್ನು ಕಂಡವರೇ ಇರುವುದಿಲ್ಲ. ಬಡವನ ಕೈಯಲ್ಲಿ ನಡೆಯುವ ಹಿಂಸೆಯ ಹಿಂದೆ, ಕಡಿಮೆ ಬಾಡಿಗೆಗೆ ಹೆಚ್ಚು ಸಾಮಾನು ಹೇರಿಸಿದ ನಮ್ಮಂಥವರೂ ಇದ್ದೇವೆ. ಪ್ರಾಣಿಯ ಮೇಲಿನ ಸಾಲ ಒಬ್ಬನದಲ್ಲ, ಆ ದುಡಿಮೆಯ ಫಲ ಉಂಡ ಎಲ್ಲರದ್ದು.

ಇದನ್ನು ಅರಿತು ನಡೆದ ಒಂದು ಉದಾಹರಣೆ ಈಜಿಪ್ಟಿನಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ತೀನಿನ ರಂಗದಲ್ಲಿ ಕುದುರೆಗಳು ಬಹಳವಾಗಿ ದುಡಿದವು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿದ ಅಶ್ವದಳಗಳಲ್ಲಿ ನಮ್ಮ ಮೈಸೂರು ಲಾನ್ಸರ್ಸ್ ಕೂಡ ಇತ್ತು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯ ಸಾವಿರಾರು ಕುದುರೆಗಳನ್ನು ಅಲ್ಲೇ ಮಾರಿ ಹೊರಟುಹೋಯಿತು. 1930ರಲ್ಲಿ ಕೈರೋಗೆ ಬಂದ ಡಾರಥಿ ಬ್ರೂಕ್ ಎಂಬ ಇಂಗ್ಲಿಷ್ ಮಹಿಳೆ, ಮುದಿಯಾಗಿ, ಕುಂಟುತ್ತ, ಭಾರ ಎಳೆಯುತ್ತಿದ್ದ ಅವುಗಳನ್ನು ಕಂಡರು. 1931ರಲ್ಲಿ ಲಂಡನ್ನಿನ ಪತ್ರಿಕೆಗೆ ಪತ್ರ ಬರೆದು ಹಣ ಕೂಡಿಸಿ ಸುಮಾರು 5000 ಕುದುರೆಗಳನ್ನು ಕೊಂಡರು. 1934ರಲ್ಲಿ ಅಲ್ಲೇ ಆಸ್ಪತ್ರೆ ತೆರೆದರು. ಅವರು ಹುಟ್ಟುಹಾಕಿದ ಸಂಸ್ಥೆ ಇಂದು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ದುಡಿಯುವ ಕುದುರೆ, ಕತ್ತೆಗಳ ನಡುವೆ ಕೆಲಸ ಮಾಡುತ್ತಿದೆ.

ಇದರಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದು, ಆಕೆ ಕುದುರೆಯ ಮಾಲೀಕರನ್ನು ಬೈದು ಕಿತ್ತುಕೊಳ್ಳಲಿಲ್ಲ. ಬೆಲೆ ಕೊಟ್ಟು ಬಿಡಿಸಿಕೊಂಡರು. ಎರಡು, ಕೊಂಡ ಕುದುರೆಗಳಲ್ಲಿ ಹೆಚ್ಚಿನವು ಗುಣವಾಗುವ ಹಂತ ದಾಟಿದ್ದವು. ಅವಕ್ಕೆ ಕೆಲವು ದಿನದ ವಿಶ್ರಾಂತಿ ಮತ್ತು ನೋವಿಲ್ಲದ ಸಾವನ್ನಷ್ಟೇ ಕೊಡಲು ಸಾಧ್ಯವಾಯಿತು. ಸಾಲ ತೀರಿಸಲು ತಡಮಾಡಿದರೆ ತೀರಿಸುವ ದಾರಿಯೇ ಮುಚ್ಚಿಹೋಗುತ್ತದೆ. ಪುನರ್ವಸತಿ ಎಂಬ ದೊಡ್ಡ ಮಾತು, ಗೊರಸು ಇನ್ನೂ ಬೆಳೆಯಬಲ್ಲ ಹೊತ್ತಿನಲ್ಲಿ ಕೈಹಾಕಿದವರಿಗೆ ಮಾತ್ರ ಒಪ್ಪುತ್ತದೆ.

ಈಗ ನಮ್ಮ ಕೊಟ್ಟಿಗೆಗೆ ಬರೋಣ. ಮಲೆನಾಡು ಗಿಡ್ಡ ಹಸು ಬೆಳಿಗ್ಗೆ ಬ್ಯಾಣಕ್ಕೆ, ಕಾಡಿಗೆ ಹೋಗಿ ಕಲ್ಲುಮುಳ್ಳಿನಲ್ಲಿ ಮೇಯ್ದು ಸಂಜೆಗೆ ಮರಳುತ್ತಿತ್ತು. ಗೊರಸು ಬೆಳೆದಷ್ಟೂ ನಡಿಗೆಯಲ್ಲೇ ಸವೆಯುತ್ತಿತ್ತು. ರಾತ್ರಿ ಮಲಗಲು ಸೊಪ್ಪು, ದರಗಿನ ಹಾಸು. ಅದೇ ಹಾಸು ಗೊಬ್ಬರವಾಗಿ ಅಡಿಕೆ ತೋಟಕ್ಕೆ ಹೋಗುತ್ತಿತ್ತು. ಆ ಹಸುವಿಗೆ ಸಹಜ ಗೊರಸು ಆರೈಕೆ ಎಂಬ ಹೆಸರು ತಿಳಿಯದಿದ್ದರೂ ಆರೈಕೆ ಸಿಗುತ್ತಿತ್ತು. ಇಂದು ಹೆಚ್ಚು ಹಾಲಿನ ಮಿಶ್ರತಳಿ ಹಸು ಸಿಮೆಂಟು ನೆಲದ ಮೇಲೆ ಹಗಲಿರುಳೂ ಕಟ್ಟಿನಲ್ಲೇ ನಿಂತಿರುತ್ತದೆ. ಸವೆಯದ ಗೊರಸು ಚಪ್ಪಲಿಯ ಮೂತಿಯಂತೆ ಉದ್ದ ಬೆಳೆದು ಬಾಗುತ್ತದೆ. ಗಂಜಲದ ತೇವದಲ್ಲಿ ಸಂದು ಕೊಳೆಯುತ್ತದೆ. ನಡೆಯಲು ನೋವು, ಮಲಗಲು ನೋವು. ವರ್ಷಕ್ಕೊಂದೆರಡು ಬಾರಿ ಗೊರಸು ಕತ್ತರಿಸಿದರೆ, ಒಣ ಹಾಸು ಕೊಟ್ಟರೆ, ದಿನಕ್ಕೆ ಸ್ವಲ್ಪ ಹೊತ್ತು ಅಡ್ಡಾಡಲು ಬಿಟ್ಟರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ಆದರೆ ಡೈರಿಯಲ್ಲಿ ನಾವು ಅಳೆಯುವುದು ಲೀಟರು ಮತ್ತು ಫ್ಯಾಟು. ಸತ್ತ ಕುದುರೆಯ ಬಾಲ ಎಣಿಸಿದ ಲೆಕ್ಕಕ್ಕೂ ಇದಕ್ಕೂ ಅಂತರ ಎಷ್ಟು?

ಜಾನುವಾರಿನ ಬಗ್ಗೆ ನಮ್ಮಲ್ಲಿ ಮಾತಿಗೇನೂ ಬರವಿಲ್ಲ. ಅದು ಹೇಗೆ ಸಾಯಬೇಕು, ಯಾರ ಕೈಯಲ್ಲಿ ಸಾಯಬಾರದು ಎಂಬುದರ ಮೇಲೆ ಜಗಳಗಳೇ ಆಗಿಹೋಗಿವೆ. ಬದುಕಿರುವಾಗ ಅದು ಯಾವ ನೆಲದ ಮೇಲೆ ನಿಂತಿದೆ ಎಂದು ಬಗ್ಗಿ ನೋಡಿದವರು ಎರಡೂ ಕಡೆ ಕಡಿಮೆ. ಕಾನೂನು ನೋಡಿದೆ. ರೋಗದಿಂದಲೋ ಗಾಯದಿಂದಲೋ ದುಡಿಯಲಾರದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಭಾರ ಎಳೆಯುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು 1965ರ ನಿಯಮಗಳು ಹೇಳುತ್ತವೆ. ಆದರೆ ಆ ಕಾಯ್ದೆ ಮೊದಲ ಅಪರಾಧಕ್ಕೆ ಇಟ್ಟ ದಂಡ 10ರಿಂದ 50 ರೂಪಾಯಿ. ಇಷ್ಟು ದಂಡದಿಂದ ಮನಸ್ಸು ಬದಲಾಗದು.

ಮನುಷ್ಯನಿಗೇ ಇಲ್ಲದ ಆರೈಕೆ ಪ್ರಾಣಿಗೇಕೆ ಎಂದು ಕೇಳುವವರಿದ್ದಾರೆ. ಆಷಾಢದ ಮಳೆಯಲ್ಲಿ ದಿನವಿಡೀ ಕೆಸರಲ್ಲಿ ನಿಂತು ನಟ್ಟಿ ಮಾಡುವ ಹೆಣ್ಣಿನ ಕಾಲ್ಬೆರಳ ಸಂದಿ ಕೊಳೆಯುವುದನ್ನು ನೋಡಿದವರಿಗೆ ಈ ಪ್ರಶ್ನೆ ಹಗುರವೆನಿಸದು. ಆದರೆ ಆಕೆಯ ಕಾಲನ್ನು ಕಾಣದ ಕಣ್ಣು ಯಾವುದೋ ಹಸುವಿನ ಗೊರಸನ್ನು ಕಾಣದ ಕಣ್ಣೂ ಅದೇ. ಎರಡೂ ಕಡೆ ದುಡಿಮೆ ಮಾತ್ರ ಕಾಣುತ್ತದೆ, ದುಡಿದ ಮೈ ಕಾಣುವುದಿಲ್ಲ. ಒಂದನ್ನು ನೋಡಲು ಕಲಿತ ಕಣ್ಣಿಗೆ ಇನ್ನೊಂದು ತಾನಾಗಿ ಕಾಣತೊಡಗುತ್ತದೆ.

ಮಾಡಬೇಕಾದ್ದು ದೊಡ್ಡ ಕೆಲಸವೂ ಅಲ್ಲ. ಗೊರಸು ಕತ್ತರಿಸಲು ಕಲಿತ ಒಬ್ಬ ಯುವಕನಿಗೆ ನಾಲ್ಕು ಊರಿನ ಹಾಲಿನ ಸಂಘಗಳು ಸೇರಿ ಸಂಬಳ ಕೊಡಬಹುದು. ಲೀಟರಿಗೆ ಕೆಲವು ಪೈಸೆ ತೆಗೆದಿಟ್ಟರೆ, ಕುಂಟುವ ಹಸುವನ್ನು ಮಾರಲೇಬೇಕಾದ ಬಡವನಿಗೆ ಅದನ್ನು ನಿಲ್ಲಿಸಿಕೊಳ್ಳುವ ಕೆಲವು ತಿಂಗಳನ್ನು ಕೊಡಬಹುದು. ಇದನ್ನು ದಾನವೆಂದು ಬರೆದುಕೊಳ್ಳುವುದು ಬೇಡ. ಲೆಕ್ಕದ ಪುಸ್ತಕದಲ್ಲಿ ಸಾಲದ ಕಡೆ ಬರೆಯೋಣ.